ಆಫ್ರಿಕದ ಕೆಲಸ ಆಫ್ರಿಕದವರ ಕೈಗೆ: ಬಿಷಪ್ ಡಾನಿಯೇಲೆ ಕೊಂಬೋನಿ



ಮಿಶನರಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಕಿಟ್ಟೆಲ್ ಅವರ ನಿಘಂಟು, ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’, ಬಾಸೆಲ್ ಮಿಶನ್ನಿನ ಹೆಂಚು. ಅದರ ಬೆನ್ನಿಗೇ ಮತಾಂತರದ ಚರ್ಚೆ ಏಳುತ್ತದೆ, ಪರಕೀಯ ಆಳ್ವಿಕೆಯೊಂದಿಗೆ ಮಿಶನರಿಗಳಿಗಿದ್ದ ನಂಟಿನ ಪ್ರಶ್ನೆ ಏಳುತ್ತದೆ. ಹೊಗಳಿಕೆಗೂ ತೆಗಳಿಕೆಗೂ ನಮ್ಮಲ್ಲಿ ಕೊರತೆಯಿಲ್ಲ. ಇಂದು ನಾನು ಹೇಳಹೊರಟಿರುವ ಡಾನಿಯೇಲೆ ಕೊಂಬೋನಿ ಕರ್ನಾಟಕಕ್ಕೆ ಬಂದವರಲ್ಲ, ಭಾರತದ ಕಡೆ ಮುಖ ಮಾಡಿದವರೂ ಅಲ್ಲ. ಅವರ ಬದುಕು ಸವೆದದ್ದು ನೈಲ್ ನದಿಯ ದಂಡೆಯಲ್ಲಿ, ಸುಡಾನಿನ ಮರಳುಗಾಡಿನಲ್ಲಿ, ಆ ಕೆಲಸಕ್ಕೆ ಹಣ ಹೊಂದಿಸುವುದಕ್ಕಾಗಿ ಅಲೆದ ಯುರೋಪಿನ ಊರುಗಳಲ್ಲಿ. ಆದರೆ 1864ರಲ್ಲಿ ಅವರು ಎತ್ತಿದ ಒಂದು ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಒಂದು ನಾಡನ್ನು ಎತ್ತಿ ನಿಲ್ಲಿಸುವವರು ಯಾರು? ಹೊರಗಿನಿಂದ ಕರುಣೆಯಿಂದ ಬಂದವರೇ, ಆ ನಾಡಿನ ಮಕ್ಕಳೇ? ಯುರೋಪಿನ ಪಾದ್ರಿಯೊಬ್ಬರು ಆ ಕಾಲದಲ್ಲಿ ಕೊಟ್ಟ ಉತ್ತರ, ಆ ಉತ್ತರಕ್ಕಾಗಿ ಅವರು ತೆತ್ತ ಬೆಲೆ, ಇವೆರಡೂ ನಮಗೆ ತಿಳಿದಿರಬೇಕು ಎಂದು ನನಗೆ ಅನ್ನಿಸಿದ್ದರಿಂದ ಈ ವಿಷಯವನ್ನು ಆರಿಸಿಕೊಂಡೆ.

ಉತ್ತರ ಇಟಲಿಯ ಗಾರ್ದಾ ಸರೋವರದ ಪಶ್ಚಿಮ ದಂಡೆಯಲ್ಲಿ ಲಿಮೋನೆ ಎಂಬ ಸಣ್ಣ ಊರಿದೆ. ಹಿಂದೆ ಕಡಿದಾದ ಬೆಟ್ಟ, ಮುಂದೆ ನೀರು. ಮೋಟಾರು ರಸ್ತೆ ಅಲ್ಲಿಗೆ ಬಂದದ್ದು 20ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಹೋಗಿಬರುವವರಿಗೆ ದೋಣಿಯೇ ದಾರಿ. ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ಕಂಬ ನಿಲ್ಲಿಸಿ, ಚಳಿಗಾಲದಲ್ಲಿ ಹಲಗೆ ಹಾಗೂ ಗಾಜು ಹೊದಿಸಿ ನಿಂಬೆ ಬೆಳೆಯುತ್ತಿದ್ದರು. ಅಂಥ ಒಂದು ತೋಟದಲ್ಲಿ ಧಣಿಗಳ ಗಿಡಗಳನ್ನು ನೋಡಿಕೊಳ್ಳುತ್ತಿದ್ದವರು ಲುಯಿಜಿ ಕೊಂಬೋನಿ. ಅವರಿಗೂ ದೊಮೆನಿಕಾ ಪಾಚೆಗೂ ಹುಟ್ಟಿದ ಎಂಟು ಮಕ್ಕಳಲ್ಲಿ ನಾಲ್ಕನೆಯವನು ಡಾನಿಯೇಲೆ, 1831ರ ಮಾರ್ಚ್ 15ರಂದು ಹುಟ್ಟಿದವನು. ಉಳಿದವರು ಒಬ್ಬೊಬ್ಬರಾಗಿ ತೀರಿಹೋಗಿ ಕೊನೆಗೆ ಈ ಒಬ್ಬ ಮಗ ಉಳಿದ. ಉಳಿದ ಒಬ್ಬನೇ ಮಗ ಸಾವಿನ ನಾಡು ಎಂದು ಹೆಸರಾಗಿದ್ದ ಕಡೆಗೆ ಹೊರಟಾಗ ಆ ತಂದೆತಾಯಿಗೆ ಏನಾಗಿರಬೇಕು ಎಂಬುದನ್ನು ಅವರ ಬದುಕಿನ ಕಥೆ ಓದುವವರು ಮರೆಯಬಾರದು.

ಓದಲು ಆಸೆಯಿತ್ತು, ಹಣವಿರಲಿಲ್ಲ. ವೆರೋನಾ ನಗರದಲ್ಲಿ ನಿಕೋಲಾ ಮಾತ್ಸಾ ಎಂಬ ಗುರುಗಳು ಬಡವರ ಮನೆಯ ಜಾಣ ಮಕ್ಕಳನ್ನು ಇರಿಸಿಕೊಂಡು ಓದಿಸುವ ವಿದ್ಯಾಲಯ ನಡೆಸುತ್ತಿದ್ದರು. ನಮ್ಮ ಕಡೆಯ ಮಠಗಳ ಪ್ರಸಾದ ನಿಲಯದಲ್ಲಿ ಓದಿ ದೊಡ್ಡವರಾದವರಿಗೆ ಆ ವ್ಯವಸ್ಥೆ ಹೇಗಿತ್ತೆಂದು ವಿವರಿಸಬೇಕಾಗಿಲ್ಲ. 1843ರಲ್ಲಿ ಹನ್ನೆರಡರ ಬಾಲಕ ಅಲ್ಲಿಗೆ ಸೇರಿದ. ಆ ವಿದ್ಯಾಲಯಕ್ಕೆ ಆಫ್ರಿಕದ ಸಂಬಂಧ ಆಗಲೇ ಬೆಳೆಯತೊಡಗಿತ್ತು. 1846ರಲ್ಲಿ ಪೋಪ್ 16ನೆಯ ಗ್ರೆಗೊರಿ ಮಧ್ಯ ಆಫ್ರಿಕಕ್ಕಾಗಿ ಒಂದು ಪ್ರತ್ಯೇಕ ಧರ್ಮಾಡಳಿತ ಕ್ಷೇತ್ರವನ್ನು ಸ್ಥಾಪಿಸಿದ್ದರು. ಅಲ್ಲಿಗೆ ಹೋಗಿದ್ದ ಮಾತ್ಸಾ ಶಿಷ್ಯ ಆಂಜೆಲೋ ವಿಂಕೊ 1849ರಲ್ಲಿ ಊರಿಗೆ ಬಂದು, ನೈಲ್ ನದಿಯ ಮೇಲುಭಾಗದ ಜನರ ಬಗ್ಗೆ, ಅವರನ್ನು ಹಿಡಿದು ಮಾರುವ ವ್ಯಾಪಾರಿಗಳ ಬಗ್ಗೆ ವಿದ್ಯಾರ್ಥಿಗಳಿಗೆ ಹೇಳಿದರು. ಹದಿನೇಳು ಹದಿನೆಂಟರ ಕೊಂಬೋನಿ ಅಂದೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡರು. ವಿಂಕೊ ಮತ್ತೆ ಸುಡಾನಿಗೆ ಹೋಗಿ 1853ರಲ್ಲಿ ಬಾರಿ ಜನರ ನಡುವೆ ತೀರಿಕೊಂಡರು. ಕೊಂಬೋನಿ 1854ರ ಡಿಸೆಂಬರ್ 31ರಂದು ಗುರುದೀಕ್ಷೆ ಪಡೆದರು. ಮರುವರ್ಷ ವೆರೋನಾ ಹತ್ತಿರದ ಬುತ್ತಾಪಿಯೆತ್ರಾ ಊರಿಗೆ ಕಾಲರಾ ಬಂದಾಗ ರೋಗಿಗಳ ಸೇವೆಗೆ ನಿಂತರು.

1857ರ ಸೆಪ್ಟೆಂಬರಿನಲ್ಲಿ ಮಾತ್ಸಾ ವಿದ್ಯಾಲಯದ ಆರು ಜನ ಆಫ್ರಿಕಕ್ಕೆ ಹೊರಟರು. ಗುಂಪಿನ ಹಿರಿಯರು ಜೊವಾನಿ ಬೆಲ್ತ್ರಾಮೆ. ಒಬ್ಬರು ಪಾದ್ರಿಯಲ್ಲದ ಕುಶಲಕರ್ಮಿ. ಪವಿತ್ರ ನಾಡನ್ನು ಸಂದರ್ಶಿಸಿ, ಈಜಿಪ್ಟ್ ದಾಟಿ, ಕೊರೊಸ್ಕೊದಿಂದ ಒಂಟೆಯ ಮೇಲೆ ಮರಳುಗಾಡು ಹಾಯ್ದು 1858ರ ಜನವರಿ 8ರಂದು ಖಾರ್ಟೂಮ್ ತಲುಪಿದರು. ನೀಲಿ ನೈಲ್ ಮತ್ತು ಬಿಳಿ ನೈಲ್ ಕೂಡುವ ಆ ಊರು ಆಗ ಈಜಿಪ್ಟಿನ ತುರ್ಕಿ ಅಧಿಕಾರಿಗಳ ಕೈಯಲ್ಲಿತ್ತು. ದಂತದ ಮತ್ತು ಗುಲಾಮರ ವ್ಯಾಪಾರವೇ ಅದರ ಸಿರಿ. ಅಲ್ಲಿಂದ ದೋಣಿ ಹತ್ತಿ ಬಿಳಿ ನೈಲ್ ನದಿಯ ಮೇಲಕ್ಕೆ ವಾರಗಟ್ಟಲೆ ಸಾಗಿದರೆ ದಿಂಕಾ ಜನರ ಸೀಮೆ. ಅಲ್ಲಿ ‘ಪವಿತ್ರ ಶಿಲುಬೆ’ ಎಂಬ ಹೆಸರಿನ ಮಿಶನ್ ಠಾಣ್ಯ. ಜೌಗುನೆಲ, ಸೊಳ್ಳೆ, ಮಲೇರಿಯ. ಸೊಳ್ಳೆಯಿಂದ ಈ ಜ್ವರ ಬರುತ್ತದೆಂದು ಲೋಕಕ್ಕೆ ತಿಳಿಯಲು ಇನ್ನೂ ನಲವತ್ತು ವರ್ಷ ಬೇಕಿತ್ತು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ನಂಬಿ, ರಕ್ತ ತೆಗೆಸಿಕೊಂಡು, ಸಿಂಕೋನಾ ತೊಗಟೆಯ ಕಹಿಮದ್ದು ಸಿಕ್ಕಿದಷ್ಟು ನುಂಗಿ, ಅವರು ಅಲ್ಲಿ ಬಾಳಿದರು.

ಮೊದಲು ಕೈಹಾಕಿದ್ದು ಭಾಷೆಗೆ. ದಿಂಕಾ ಮಾತು ಬಲ್ಲವರನ್ನು ಕೂರಿಸಿಕೊಂಡು ಒಂದೊಂದೇ ಪದ ಬರೆದುಕೊಂಡರು. ಬೆಲ್ತ್ರಾಮೆ ಮುಂದೆ ದಿಂಕಾ ವ್ಯಾಕರಣವನ್ನೇ ಪ್ರಕಟಿಸಿದರು. ಕಿಟ್ಟೆಲ್ ಅವರ ಶ್ರಮ ಬಲ್ಲ ನಮಗೆ ಇದು ಅರ್ಥವಾಗುತ್ತದೆ. ಆದರೆ ಕಿಟ್ಟೆಲ್ ಅವರಿಗೆ ಸಾವಿರ ವರ್ಷಗಳ ಸಾಹಿತ್ಯ, ಹಳೆಯ ಕೋಶಗಳು, ಕೇಶಿರಾಜನ ವ್ಯಾಕರಣ ಎಲ್ಲವೂ ಕೈಗೆ ಸಿಕ್ಕಿದ್ದವು. ಇವರಿಗೆ ಒಂದು ಅಕ್ಷರವೂ ಇರಲಿಲ್ಲ.

1858ರ ಮಾರ್ಚ್ 26ರಂದು ಗೆಳೆಯ ಫ್ರಾಂಚೆಸ್ಕೊ ಒಲಿಬೋನಿ ತೀರಿಕೊಂಡರು. ನಿಮ್ಮಲ್ಲಿ ಒಬ್ಬರೇ ಉಳಿದರೂ ಈ ಕೆಲಸ ಕೈಬಿಡಬೇಡಿ ಎಂದು ಸಾಯುವಾಗ ಅವರು ಜೊತೆಗಾರರಿಗೆ ಹೇಳಿದರು. ಕೊಂಬೋನಿ ಆ ಮಾತನ್ನು ಕೊನೆಯವರೆಗೂ ನೆನೆದರು. ಅದೇ ವರ್ಷ ಜುಲೈಯಲ್ಲಿ ಲಿಮೋನೆಯಲ್ಲಿ ತಾಯಿ ತೀರಿಕೊಂಡರು. ಆ ಸುದ್ದಿ ನೈಲ್ ನದಿ ಏರಿ ಮಗನನ್ನು ಮುಟ್ಟಲು ತಿಂಗಳುಗಳೇ ಹಿಡಿದವು. ಹೊರಟ ಆರು ಜನರಲ್ಲಿ ಮೂವರು ಎರಡು ವರ್ಷ ತುಂಬುವ ಮೊದಲೇ ಮಣ್ಣಾದರು. ಜ್ವರದಿಂದ ಸೋತುಹೋಗಿದ್ದ ಕೊಂಬೋನಿ 1859ರಲ್ಲಿ ಇಟಲಿಗೆ ಮರಳಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಆಶ್ಚರ್ಯವಿರಲಿಲ್ಲ. ಆ ಮಿಶನ್ನಿನ ಮುಖ್ಯಸ್ಥರಲ್ಲಿ ಮ್ಯಾಕ್ಸಿಮಿಲಿಯನ್ ರಿಲ್ಲೊ 1848ರಲ್ಲಿ ಖಾರ್ಟೂಮಿನಲ್ಲಿ ತೀರಿಹೋಗಿದ್ದರು. ಅವರ ನಂತರ ಬಂದ ಸ್ಲೊವೇನಿಯದ ಇಗ್ನಾಸಿ ಕ್ನೊಬ್ಲೆಹರ್ 1858ರಲ್ಲಿ ದಾರಿಯಲ್ಲೇ, ನೇಪಲ್ಸಿನಲ್ಲಿ ಕಣ್ಮುಚ್ಚಿದರು. 1861ರ ಹೊತ್ತಿಗೆ ಮಿಶನ್ ಫ್ರಾನ್ಸಿಸ್ಕನ್ನರ ಕೈಗೆ ಹೋಯಿತು, ಅವರಲ್ಲೂ ಎಷ್ಟೋ ಜನ ಸತ್ತರು, ದಕ್ಷಿಣದ ಠಾಣ್ಯಗಳು ಮುಚ್ಚಿಹೋದವು. ಆಫ್ರಿಕದ ಒಳನಾಡು ಬಿಳಿಯರಿಗೆ ಆಗಿಬರುವ ನೆಲವಲ್ಲ ಎಂದು ರೋಮಿನಲ್ಲಿ ಹಲವರು ತೀರ್ಮಾನಕ್ಕೆ ಬಂದರು.

ಇನ್ನೊಂದು ದಾರಿಯೂ ಸೋತಿತ್ತು. ಜೆನೋವಾದ ನಿಕೊಲೊ ಒಲಿವಿಯೆರಿ ಎಂಬ ಪಾದ್ರಿ ಈಜಿಪ್ಟಿನ ಸಂತೆಗಳಲ್ಲಿ ಗುಲಾಮ ಮಕ್ಕಳನ್ನು ಹಣ ಕೊಟ್ಟು ಬಿಡಿಸಿ ಯುರೋಪಿಗೆ ಕರೆತರುತ್ತಿದ್ದರು. ಮಾತ್ಸಾ ಅವರೂ ವೆರೋನಾದಲ್ಲಿ ಅಂಥ ಹುಡುಗ ಹುಡುಗಿಯರನ್ನು ಸಾಕಿ ಓದಿಸಿದರು. ಅವರನ್ನು ತಿರುಗಿ ಆಫ್ರಿಕಕ್ಕೆ ಕಳಿಸಿದರೆ ಅಲ್ಲಿನ ಜನಕ್ಕೆ ಬೆಳಕಾಗುತ್ತಾರೆ ಎಂಬುದು ಲೆಕ್ಕಾಚಾರ. ಆದರೆ ಮಕ್ಕಳು ಆಲ್ಪ್ಸ್ ತಪ್ಪಲಿನ ಚಳಿಗೆ, ಕ್ಷಯಕ್ಕೆ ಬಲಿಯಾದರು. ಬದುಕಿ ಉಳಿದವರು ಯುರೋಪಿನ ಊಟ ಉಡುಪಿಗೆ ಒಗ್ಗಿಹೋಗಿ ಸ್ವಂತ ನೆಲದಲ್ಲಿ ಪರಕೀಯರಾಗುವ ಅಪಾಯವೂ ಇತ್ತು. ಯುರೋಪಿನವರು ಆಫ್ರಿಕದಲ್ಲಿ ಬದುಕುವುದಿಲ್ಲ, ಆಫ್ರಿಕದವರು ಯುರೋಪಿನಲ್ಲಿ ಬದುಕುವುದಿಲ್ಲ. ಹಾಗಾದರೆ ದಾರಿ ಯಾವುದು?

ಉತ್ತರ ಹೊಳೆದ ದಿನವನ್ನು ಕೊಂಬೋನಿ ತಾವೇ ಬರೆದಿಟ್ಟಿದ್ದಾರೆ: 1864ರ ಸೆಪ್ಟೆಂಬರ್ 15. ರೋಮಿನಲ್ಲಿ ಸಂತ ಪೇತ್ರರ ಸಮಾಧಿಯ ಬಳಿ ಪ್ರಾರ್ಥನೆಯಲ್ಲಿದ್ದಾಗ ಇಡೀ ಯೋಜನೆ ಒಮ್ಮೆಗೇ ಮನಸ್ಸಿಗೆ ಬಂತೆಂದು ಅವರ ನಂಬಿಕೆ. ಆ ನಂಬಿಕೆಯನ್ನು ಗೌರವಿಸುತ್ತಲೇ, ಏಳು ವರ್ಷಗಳ ಸಾವು ನೋವು ಆ ಗಳಿಗೆಗೆ ಅವರನ್ನು ಅಣಿಮಾಡಿತ್ತು ಎಂದೂ ಹೇಳಬಹುದು. ‘ಆಫ್ರಿಕದ ಪುನರುಜ್ಜೀವನದ ಯೋಜನೆ’ ಎಂಬ ಆ ಬರಹವನ್ನು ಅವರು ಪೋಪ್ 9ನೆಯ ಪಿಯುಸ್ ಅವರಿಗೂ, ಮಿಶನ್ನುಗಳ ಹೊಣೆ ಹೊತ್ತ ಕಾರ್ಡಿನಲ್ ಬರ್ನಾಬೊ ಅವರಿಗೂ ಒಪ್ಪಿಸಿ ಅಚ್ಚು ಹಾಕಿಸಿದರು. ಅದರ ತಿರುಳು ಇಷ್ಟು: ಆಫ್ರಿಕವನ್ನು ಆಫ್ರಿಕದಿಂದಲೇ ಉದ್ಧರಿಸಬೇಕು.

ಅದು ಹೇಗೆ ನಡೆಯಬೇಕೆಂದೂ ಅವರು ಬರೆದರು. ಖಂಡದ ಸುತ್ತ ಅಂಚಿನಲ್ಲಿ, ಎರಡೂ ಕಡೆಯವರ ಮೈಗೆ ಒಗ್ಗುವ ಹವೆಯಿರುವ ಊರುಗಳಲ್ಲಿ ವಿದ್ಯಾಸಂಸ್ಥೆಗಳನ್ನು ತೆರೆಯಬೇಕು. ಅಲ್ಲಿ ಆಫ್ರಿಕದ ಹುಡುಗರೂ ಹುಡುಗಿಯರೂ ಅಕ್ಷರ, ಧರ್ಮಬೋಧೆ, ಬೇಸಾಯ, ಬಡಗಿ ಕೆಲಸ, ಶುಶ್ರೂಷೆ ಕಲಿಯಬೇಕು. ಕಲಿತವರು ಗುಂಪು ಗುಂಪಾಗಿ ಒಳನಾಡಿಗೆ ಹೋಗಿ ನೆಲೆಸಬೇಕು, ಅಲ್ಲಿ ಇನ್ನಷ್ಟು ಜನರನ್ನು ತಯಾರು ಮಾಡಬೇಕು. ಒಲವು ಹಾಗೂ ಯೋಗ್ಯತೆ ಇದ್ದವರು ಗುರುಗಳಾಗಬೇಕು. ಇಷ್ಟಕ್ಕೇ ನಿಲ್ಲದೆ ಅಲ್ಜೀರ್ಸ್, ಕೈರೋ, ರಿಯೂನಿಯನ್ ದ್ವೀಪ ಮತ್ತು ಅಟ್ಲಾಂಟಿಕ್ ಕರಾವಳಿಯ ಒಂದು ಊರಿನಲ್ಲಿ ಆಫ್ರಿಕದವರಿಗಾಗಿ ದೊಡ್ಡ ವಿಶ್ವವಿದ್ಯಾಲಯಗಳು ಬರಬೇಕೆಂದು ಕನಸು ಕಂಡರು. ಯಾವ ಸನ್ಯಾಸಿ ಸಂಘವೂ ಯಾವ ದೇಶವೂ ಇದನ್ನು ತನ್ನದೇ ಎಂದು ಹಿಡಿದುಕೊಳ್ಳದೆ, ಇಡೀ ಧರ್ಮಸಭೆ ಒಟ್ಟಾಗಿ ಮಾಡಬೇಕೆಂಬುದು ಅವರ ಬಯಕೆಯಾಗಿತ್ತು. ಆ ಬಯಕೆ ಈಡೇರಲಿಲ್ಲ. ಒಂದೊಂದು ಸಂಘಕ್ಕೂ ಅದರದೇ ಕ್ಷೇತ್ರ, ಅದರದೇ ದಾನಿಗಳು. ಯಾರೂ ಬಿಟ್ಟುಕೊಡಲು ಸಿದ್ಧರಿರಲಿಲ್ಲ.

1864 ಎಂಬ ಇಸವಿಯನ್ನು ಸ್ವಲ್ಪ ಗಮನಿಸಿ. ಅಮೆರಿಕದಲ್ಲಿ ಗುಲಾಮಗಿರಿ ಇಡಿಯಾಗಿ ಅಳಿಯಲು ಇನ್ನೂ ಒಂದು ವರ್ಷವಿತ್ತು. ಯುರೋಪಿನ ಸರಕಾರಗಳು ಬರ್ಲಿನ್ನಿನಲ್ಲಿ ಕೂತು ಆಫ್ರಿಕವನ್ನು ಹಂಚಿಕೊಳ್ಳುವ ಕಟ್ಟಲೆಗಳನ್ನು ಮಾಡಲು ಇಪ್ಪತ್ತು ವರ್ಷವಿತ್ತು. ಕಪ್ಪು ಜನಕ್ಕೆ ತಮ್ಮನ್ನು ತಾವು ಆಳಿಕೊಳ್ಳುವ ಬುದ್ಧಿಯಿಲ್ಲ ಎಂದು ಪಂಡಿತರೇ ಬರೆಯುತ್ತಿದ್ದ ಕಾಲ. ಆಗ ಒಬ್ಬರು, ಈ ಜನರಿಂದಲೇ ಶಿಕ್ಷಕರು, ವೈದ್ಯಸೇವಕರು, ಗುರುಗಳು, ವಿದ್ವಾಂಸರು ಹೊರಡುತ್ತಾರೆ, ಹೊರಡಲೇಬೇಕು ಎಂದು ಅಚ್ಚಿನಲ್ಲಿ ಹೇಳಿದರು. ಕೊಂಬೋನಿಯವರ ನಿಜವಾದ ದೊಡ್ಡಸ್ತಿಕೆ ಇರುವುದು ಇಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಧರ್ಮಕ್ಕಾಗಿ ಪ್ರಾಣ ಕೊಟ್ಟವರು ಅವರ ಮೊದಲೂ ಇದ್ದರು, ನಂತರವೂ ಬಂದರು.

ಈ ವಿಚಾರ ಏಕಾಏಕಿ ಆಕಾಶದಿಂದ ಇಳಿದದ್ದೂ ಅಲ್ಲ. ಆಯಾ ನಾಡಿನವರನ್ನೇ ಗುರುಗಳನ್ನಾಗಿ, ಬಿಷಪ್ಪರನ್ನಾಗಿ ತಯಾರು ಮಾಡಿ ಎಂದು ರೋಮ್ 1845ರಲ್ಲೇ ಮಿಶನ್ನುಗಳಿಗೆ ಆದೇಶ ಬರೆದಿತ್ತು. ಅದರ ಹಿಂದಿನ ವರ್ಷ ಪಾಂಡಿಚೇರಿಯಲ್ಲಿ ನಡೆದ ಧರ್ಮಸಭೆಯ ಸಮ್ಮೇಳನವೂ ಅದನ್ನೇ ಚರ್ಚಿಸಿತ್ತು. ಅದಕ್ಕೂ ಬಹಳ ಹಿಂದೆ ಇದನ್ನು ಬಾಳಿ ತೋರಿಸಿದವರು ನಮ್ಮ ಕರಾವಳಿ ಬಲ್ಲ ಸಂತ ಜೋಸೆಫ್ ವಾಜ್. 1680ರ ದಶಕದಲ್ಲಿ ಮಂಗಳೂರು, ಬಸ್ರೂರು, ಗಂಗೊಳ್ಳಿಯ ಕಡೆ ದುಡಿದು, ಆಮೇಲೆ ಡಚ್ಚರ ಕಾವಲಿದ್ದ ಸಿಲೋನಿಗೆ ಕೂಲಿಯವನ ವೇಷದಲ್ಲಿ ಹೋಗಿ, ಅಲ್ಲಿಯ ಕಥೋಲಿಕ ಸಮುದಾಯವನ್ನು ಮತ್ತೆ ಕಟ್ಟಿದ ಈ ಗೋವೆಯ ಕೊಂಕಣಿ ಗುರುವಿನ ಹಿಂದೆ ಯುರೋಪಿನ ಯಾವ ಮಿಶನ್ ಸಂಘವೂ ಇರಲಿಲ್ಲ. ಆದರೂ ಮಂಗಳೂರಿಗೆ ಅಲ್ಲಿಯ ಮಣ್ಣಿನ ಮಗ ಬಿಷಪ್ಪರಾಗಲು 1928ರವರೆಗೆ ಕಾಯಬೇಕಾಯಿತು. ಆದೇಶ ಬರೆಯುವುದು ಬೇರೆ, ಅಧಿಕಾರ ಬಿಟ್ಟುಕೊಡುವುದು ಬೇರೆ. ಇದನ್ನು ತಿಳಿದವರಿಗೆ ಕೊಂಬೋನಿ ಎದುರಿಸಿದ ಅಡ್ಡಿಗಳ ತೂಕ ಗೊತ್ತಾಗುತ್ತದೆ.

1867ರ ಜೂನ್ 1ರಂದು ವೆರೋನಾದಲ್ಲಿ ಬಿಷಪ್ ಲುಯಿಜಿ ದಿ ಕನೊಸ್ಸಾ ಅವರ ಆಸರೆಯಲ್ಲಿ ಆಫ್ರಿಕ ಮಿಶನ್ನುಗಳ ಸಂಸ್ಥೆ ಹುಟ್ಟಿತು. ಅದೇ ವರ್ಷದ ಕೊನೆಗೆ ಕೊಂಬೋನಿ ಮೂವರು ಪಾದ್ರಿಗಳು, ಮೂವರು ಕನ್ಯಾಭಗಿನಿಯರು ಮತ್ತು ಯುರೋಪಿನಲ್ಲಿ ಓದಿದ್ದ ಹದಿನಾರು ಆಫ್ರಿಕನ್ ಹುಡುಗಿಯರೊಂದಿಗೆ ಕೈರೋಗೆ ಬಂದರು. ಹಳೆ ಕೈರೋದಲ್ಲಿ ತೆರೆದ ಶಾಲೆಗಳಲ್ಲಿ ಆ ಹುಡುಗಿಯರೇ ಉಪಾಧ್ಯಾಯಿನಿಯರು. ಯೋಜನೆ ಕಾಗದದಿಂದ ಇಳಿದು ಪಾಠ ಹೇಳತೊಡಗಿದ್ದು ಅಂದು.

ಹೆಣ್ಣುಮಕ್ಕಳ ಮೇಲೆ ಅವರಿಗಿದ್ದ ವಿಶ್ವಾಸವನ್ನು ಬೇರೆಯಾಗಿ ಹೇಳಲೇಬೇಕು. ಮಧ್ಯ ಆಫ್ರಿಕದಂಥ ಕಡೆಗೆ ಕನ್ಯಾಭಗಿನಿಯರನ್ನು ಕಳಿಸುವುದು ಹುಚ್ಚೆಂದು ತಿಳಿದವರ ನಡುವೆ, ಹೆಂಗಸರಿಲ್ಲದೆ ಈ ಕೆಲಸ ನಡೆಯದು ಎಂದು ಅವರು ಹಟ ಹಿಡಿದರು. 1872ರ ಜನವರಿ 1ರಂದು ಅದಕ್ಕಾಗಿಯೇ ವೆರೋನಾ ಬಳಿ ಒಂದು ಭಗಿನೀ ಸಂಘ ಸ್ಥಾಪಿಸಿದರು. ನೂಬಾ ನಾಡಿನಲ್ಲಿ ಹುಟ್ಟಿ, ಗುಲಾಮಳಾಗಿ ಮಾರಿಹೋಗಿ, ಬಿಡುಗಡೆಯಾಗಿ ವೆರೋನಾದಲ್ಲಿ ಓದಿದ ಫೊರ್ತುನಾತಾ ಕ್ವಾಷೆ ಆ ಸಂಘ ಸೇರಿದ ಮೊದಲ ಆಫ್ರಿಕನ್ ಮಹಿಳೆ.

ಇದರ ನಡುವೆ 1869ರ ಡಿಸೆಂಬರಿನಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಸೇರಿತು. ಬಿಷಪ್ ಕನೊಸ್ಸಾ ಅವರ ದೈವಶಾಸ್ತ್ರ ಸಲಹೆಗಾರರಾಗಿ ರೋಮಿನಲ್ಲಿದ್ದ ಕೊಂಬೋನಿ ಮಧ್ಯ ಆಫ್ರಿಕದ ಜನರ ಪರವಾಗಿ ಒಂದು ಮನವಿ ಬರೆದು 70 ಬಿಷಪ್ಪರ ಸಹಿ ಹಾಕಿಸಿದರು. ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು, ರೋಮ್ ಇಟಲಿಯ ಸೇನೆಯ ಕೈವಶವಾಯಿತು, ಮಹಾಸಭೆ ನಡುವೆಯೇ ನಿಂತಿತು. ಮನವಿ ಚರ್ಚೆಗೆ ಬರಲೇ ಇಲ್ಲ.

ಆ ಮನವಿಯಲ್ಲಿ ಒಂದು ಮಾತು ಇಂದು ಓದುವವರನ್ನು ನೋಯಿಸುತ್ತದೆ. ನೋವನ ಮಗ ಹಾಮನ ಸಂತತಿಗೆ ತಟ್ಟಿದ ಶಾಪ ಈ ಜನರ ಮೇಲಿದೆ, ಅದನ್ನು ನೀಗಿಸಬೇಕು ಎಂಬ ವಿಚಾರ ಅದರಲ್ಲಿದೆ. ಗುಲಾಮಗಿರಿಯನ್ನು ಸಮರ್ಥಿಸಲು ಯುರೋಪ್ ಮತ್ತು ಅಮೆರಿಕದವರು ಶತಮಾನಗಳಿಂದ ಬಳಸಿದ ಕಥೆ ಅದು. ಕೊಂಬೋನಿ ಅದನ್ನು ಬಳಸಿದ್ದು ಆ ಜನರನ್ನು ಎತ್ತಬೇಕೆಂಬ ಕಳಕಳಿಯಿಂದ, ನಿಜ. ಆದರೂ ಕಥೆ ಸುಳ್ಳು, ಅದರ ವಿಷ ದೊಡ್ಡದು. ಅವರ ಪತ್ರಗಳಲ್ಲೂ ಆಫ್ರಿಕದ ಸಂಸ್ಕೃತಿಗಳ ಬಗ್ಗೆ, ಇಸ್ಲಾಮಿನ ಬಗ್ಗೆ ಆ ಕಾಲದ ಯುರೋಪಿನ ಪೂರ್ವಗ್ರಹಗಳಿವೆ. ಸಂತರೆಂದರೆ ತಮ್ಮ ಕಾಲದ ದೋಷ ಅಂಟದವರು ಎಂದು ಚಿತ್ರಿಸುವುದು ಭಕ್ತಿಯಲ್ಲ. ಯೋಜನೆ ಬರೆದ ಕೈಯೇ ಈ ಮಾತನ್ನೂ ಬರೆಯಿತು. ಎರಡನ್ನೂ ಒಟ್ಟಿಗೆ ಓದಬೇಕು.

1872ರಲ್ಲಿ ಮಧ್ಯ ಆಫ್ರಿಕದ ಕ್ಷೇತ್ರವನ್ನು ರೋಮ್ ವೆರೋನಾ ಸಂಸ್ಥೆಗೆ ಒಪ್ಪಿಸಿ ಕೊಂಬೋನಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿತು. 1873ರ ಮೇ 11ರಂದು ಖಾರ್ಟೂಮಿನಲ್ಲಿ ಬಲಿಪೂಜೆಯ ಸಮಯದಲ್ಲಿ ಅವರು ಜನರಿಗೆ ಕೊಟ್ಟ ಪ್ರಬೋಧನೆ ಪ್ರಸಿದ್ಧ. ಬಡವ ಬಲ್ಲಿದ, ಆರೋಗ್ಯವಂತ ರೋಗಿ, ಧಣಿ ಆಳು ಎಂಬ ಭೇದವಿಲ್ಲದೆ ಎಲ್ಲರ ಪಾಡೂ ತಮ್ಮ ಪಾಡು ಎಂದು ಅಂದು ಅವರು ಮಾತು ಕೊಟ್ಟರು.

ಗುಲಾಮರ ವ್ಯಾಪಾರ ಅವರ ಕಣ್ಣೆದುರೇ ನಡೆಯುತ್ತಿತ್ತು. ಕೊರ್ದೊಫಾನ್ ಸೀಮೆಯ ಎಲ್ ಒಬೈದ್ ಪಟ್ಟಣ ಈ ವ್ಯಾಪಾರದ ಕೇಂದ್ರಗಳಲ್ಲಿ ಒಂದು. ನೂಬಾ ಬೆಟ್ಟಗಳಿಂದ, ದಕ್ಷಿಣದಿಂದ ಹಿಡಿದು ತಂದವರ ಕುತ್ತಿಗೆಗೆ ಮರದ ಕವೆ ಬಿಗಿದು ಸಾಲಾಗಿ ನಡೆಸುತ್ತಿದ್ದರು. ಕೊಂಬೋನಿ ಅಲ್ಲಿ ಮಿಶನ್ ತೆರೆದರು. ಓಡಿಬಂದವರಿಗೆ ಅದು ಆಸರೆಯಾಯಿತು. ಬಿಡುಗಡೆಯಾದವರು ಸ್ವಂತ ಬೇಸಾಯ ಮಾಡಿ ಬಾಳಲೆಂದು ಹತ್ತಿರದ ಮಲ್ಬೆಸ್‌ನಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದರು. 1875ರಲ್ಲಿ ನೂಬಾ ಬೆಟ್ಟದ ಡಿಲ್ಲಿಂಗ್‌ನಲ್ಲಿ ಇನ್ನೊಂದು ಠಾಣ್ಯ. ಆಫ್ರಿಕದ ಗುಲಾಮರ ಕಥೆ ನಮಗೆ ದೂರದ್ದೇನೂ ಅಲ್ಲ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಗೋವೆಗೆ ತಂದು ಮಾರಿದ್ದರು. ಅವರು ಬಂದ ಕಡಲದಾರಿ ಬೇರೆ, ನೈಲ್ ದಾರಿ ಬೇರೆ. ಕುತ್ತಿಗೆಗೆ ಬಿದ್ದ ನೊಗ ಒಂದೇ.

1877ರ ಆಗಸ್ಟ್ 12ರಂದು ಕೊಂಬೋನಿ ರೋಮಿನಲ್ಲಿ ಬಿಷಪ್ಪರಾಗಿ ಅಭಿಷಿಕ್ತರಾದರು. ಬಿಷಪ್ಪರಾಗಿ ಅವರಿಗೆ ಸಿಕ್ಕಿದ ಮೊದಲ ಅನುಭವ ಬರಗಾಲ. 1877-78ರಲ್ಲಿ ಮಳೆ ಕೈಕೊಟ್ಟಿತು, ಬೆಲೆ ಏರಿತು, ಬೆನ್ನಿಗೇ ಜ್ವರಗಳು ಬಂದವು. ನೀರನ್ನೂ ಕೊಂಡು ಕುಡಿಯಬೇಕಾಯಿತು. ಊರುಗಳು ಖಾಲಿಯಾದವು, ಮಿಶನ್ನಿನ ಪಾದ್ರಿಗಳು, ಭಗಿನಿಯರು, ಕೆಲಸಗಾರರು ಒಬ್ಬೊಬ್ಬರಾಗಿ ಸತ್ತರು. (ಅದೇ ಹೊತ್ತಿನ 1876-78ರ ಬರ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲನ್ನು ನುಂಗಿತ್ತು.) ಬಿಷಪ್ಪರು ಸಾಲ ಮಾಡಿ ಅಕ್ಕಿ ಜೋಳ ಕೊಂಡರು, ಶವ ಹೂಳಿದರು, ರಾತ್ರಿ ಕೂತು ಲಿಯಾನ್, ಕಲೋನ್, ವಿಯೆನ್ನಾಗಳ ದಾನಿಗಳಿಗೆ ಪತ್ರ ಬರೆದರು. ಅವರ ಪತ್ರಗಳ ರಾಶಿ ನೋಡಿದರೆ, ಮಿಶನರಿ ಜೀವನದಲ್ಲಿ ಪ್ರವಚನಕ್ಕಿಂತ ಹೆಚ್ಚಿನ ಹೊತ್ತು ಹೋಗುವುದು ಲೆಕ್ಕಪತ್ರಕ್ಕೆ, ಬೇಡಿಕೆಗೆ, ಸಮಜಾಯಿಷಿಗೆ ಎಂಬುದು ಗೊತ್ತಾಗುತ್ತದೆ. ಕೊನೆಯ ವರ್ಷಗಳಲ್ಲಿ ಸ್ವಂತ ಜೊತೆಗಾರರಿಂದಲೇ ಅವರ ಮೇಲೆ ಆರೋಪಗಳು ಬಂದವು, ರೋಮಿಗೆ ದೂರುಗಳು ಹೋದವು. ಜ್ವರಕ್ಕಿಂತ ಅದು ಅವರನ್ನು ಹೆಚ್ಚು ಹಣ್ಣುಮಾಡಿತೆಂದು ಪತ್ರಗಳು ಹೇಳುತ್ತವೆ.

1880ರ ನವೆಂಬರಿನಲ್ಲಿ ನೇಪಲ್ಸಿನಿಂದ ಹೊರಟದ್ದು ಆಫ್ರಿಕಕ್ಕೆ ಅವರ ಎಂಟನೆಯ ಮತ್ತು ಕೊನೆಯ ಪ್ರಯಾಣ. 1881ರಲ್ಲಿ ಕೊರ್ದೊಫಾನ್, ನೂಬಾ ಬೆಟ್ಟಗಳನ್ನೆಲ್ಲ ಸುತ್ತಿ ಖಾರ್ಟೂಮಿಗೆ ಮರಳಿದರು. ಮಳೆಗಾಲದ ಜ್ವರ ಊರಿನಲ್ಲಿ ಹರಡಿತ್ತು. ಎಳೆಯ ಮಿಶನರಿಗಳು ಅವರ ಕಣ್ಣೆದುರೇ ತೀರಿಕೊಂಡರು. ಅಕ್ಟೋಬರ್ 10ರ ರಾತ್ರಿ ಕೊಂಬೋನಿಯವರೂ ಹೋದರು. ಐವತ್ತು ವರ್ಷ. ಲಿಮೋನೆಯಲ್ಲಿ ತಂದೆ ಇನ್ನೂ ಬದುಕಿದ್ದರು.

ಅವರು ತೀರಿದ ವರ್ಷವೇ ನೈಲ್ ನದಿಯ ಅಬಾ ದ್ವೀಪದಲ್ಲಿ ಮುಹಮ್ಮದ್ ಅಹ್ಮದ್ ತಾನು ಮಹದಿ, ಅಂದರೆ ಬರಬೇಕಾಗಿದ್ದ ಉದ್ಧಾರಕ, ಎಂದು ಸಾರಿದ್ದ. ಈಜಿಪ್ಟಿನ ಅಧಿಕಾರಿಗಳ ತೆರಿಗೆ ಮತ್ತು ಕ್ರೌರ್ಯಕ್ಕೆ ರೋಸಿದ್ದ ಜನ ಅವನ ಹಿಂದೆ ನಿಂತರು. ಡಿಲ್ಲಿಂಗ್ ಬಿತ್ತು, 1883ರ ಜನವರಿಯಲ್ಲಿ ಎಲ್ ಒಬೈದ್ ಬಿತ್ತು, 1885ರ ಜನವರಿ 26ರಂದು ಖಾರ್ಟೂಮ್ ಬಿತ್ತು. ಪಾದ್ರಿಗಳೂ ಭಗಿನಿಯರೂ ಸೆರೆಯಾದರು. ಪಾದ್ರಿ ಯೋಸೆಫ್ ಓರ್‌ವಾಲ್ಡರ್ 1891ರಲ್ಲಿ ಇಬ್ಬರು ಭಗಿನಿಯರೊಂದಿಗೆ ಮರಳುಗಾಡು ದಾಟಿ ತಪ್ಪಿಸಿಕೊಂಡರು. ಭಗಿನಿ ತೆರೆಸಾ ಗ್ರಿಗೊಲಿನಿಗೆ ಬಿಡುಗಡೆ ಸಿಕ್ಕಿದ್ದು 1898ರಲ್ಲಿ ಮಹದಿ ಆಡಳಿತ ಕುಸಿದ ಮೇಲೆ. ಕೊಂಬೋನಿಯವರ ಸಮಾಧಿಯೂ ಉಳಿಯಲಿಲ್ಲ. ಶಾಲೆ, ಹಳ್ಳಿ, ತೋಟ, ಎಲ್ಲ ಹೋಯಿತು.

ಉಳಿದದ್ದು ಯೋಜನೆ. ಅದರ ಫಲವಾಗಿ ನಿಂತ ಒಬ್ಬರ ಹೆಸರು ಹೇಳುತ್ತೇನೆ: ಡಾನಿಯೇಲ್ ಸೊರೂರ್ ಫರೀಮ್ ದೆಂಗ್. ದಿಂಕಾ ಕುಟುಂಬದಲ್ಲಿ ಹುಟ್ಟಿದ ಈ ಬಾಲಕನನ್ನು ದಾಳಿಕೋರರು ಹಿಡಿದು ಮಾರಿದ್ದರು. ಎಲ್ ಒಬೈದ್‌ನಲ್ಲಿ ಧಣಿಯ ಮನೆಯಿಂದ ತಪ್ಪಿಸಿಕೊಂಡು ಮಿಶನ್ ಸೇರಿದ. ಕೊಂಬೋನಿ ಅವನಿಗೆ ದೀಕ್ಷಾಸ್ನಾನ ಕೊಟ್ಟು ತಮ್ಮದೇ ಹೆಸರಿಟ್ಟರು, ರೋಮಿನ ಗುರುವಿದ್ಯಾಲಯಕ್ಕೆ ಕರೆದೊಯ್ದರು. 1887ರಲ್ಲಿ ಕೈರೋದಲ್ಲಿ ಸೊರೂರ್ ಗುರುದೀಕ್ಷೆ ಪಡೆದರು. ಹಲವು ಭಾಷೆ ಬಲ್ಲ ಸೊರೂರ್ ಯುರೋಪಿನ ಊರುಗಳಲ್ಲಿ ಉಪನ್ಯಾಸ ಮಾಡಿದರು. ಕಪ್ಪು ಜನ ಬುದ್ಧಿಯಲ್ಲಿ ಕೀಳು ಎಂದು ವಾದಿಸುತ್ತಿದ್ದವರಿಗೆ ಬರಹದಲ್ಲೇ ಉತ್ತರ ಕೊಟ್ಟರು. 1900ರಲ್ಲಿ ಇನ್ನೂ ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಅವರನ್ನು ಕೊಂಬೋನಿಯವರ ಕಥೆಯ ಅಡಿಟಿಪ್ಪಣಿಯಾಗಿ ಓದುವುದು ರೂಢಿ. ನನಗನಿಸುವಂತೆ ಕೊಂಬೋನಿಯವರನ್ನು ಸೊರೂರ್ ಅವರ ಮೂಲಕ ಓದುವುದು ಹೆಚ್ಚು ನ್ಯಾಯ. ಯೋಜನೆ ಯಾರಿಗಾಗಿ ಬರೆದದ್ದೋ ಅವರೇ ಮಾತನಾಡತೊಡಗಿದ ಮೇಲಲ್ಲವೇ ಅದರ ಬೆಲೆ ತಿಳಿಯುವುದು!

1964ರಲ್ಲಿ ಸುಡಾನ್ ಸರಕಾರ ದಕ್ಷಿಣದ ಸೀಮೆಗಳಿಂದ ವಿದೇಶಿ ಮಿಶನರಿಗಳನ್ನೆಲ್ಲ ಹೊರಗೆ ಹಾಕಿತು. ಕೊಂಬೋನಿಯವರ ಸಂಘದವರೂ ಹೊರಟರು. ಯೋಜನೆ ಬರೆದು ಸರಿಯಾಗಿ ನೂರು ವರ್ಷ. ಬಿಳಿಯರು ಹೋದರೆ ಕ್ರೈಸ್ತಸಮುದಾಯ ಕರಗುತ್ತದೆಂದು ಆಳುವವರು ಎಣಿಸಿದ್ದರು. ದೀರ್ಘವಾದ ಅಂತರ್ಯುದ್ಧದ ನಡುವೆ ಸುಡಾನಿನ ಗುರುಗಳು, ಉಪದೇಶಿಗಳು, ತಾಯಂದಿರು ಅದನ್ನು ನಿಲ್ಲಿಸಿಕೊಂಡರು. ಇಂದು ದಕ್ಷಿಣ ಸುಡಾನಿನಲ್ಲಿ ಕ್ರೈಸ್ತರದೇ ಬಹುಸಂಖ್ಯೆ.

2003ರ ಅಕ್ಟೋಬರ್ 5ರಂದು ಪೋಪ್ 2ನೆಯ ಜಾನ್ ಪಾಲ್ ಕೊಂಬೋನಿಯವರಿಗೆ ಸಂತಪದವಿ ಕೊಟ್ಟರು. ಅದಕ್ಕೆ ಆಧಾರವಾಗಿ ಧರ್ಮಸಭೆ ಒಪ್ಪಿಕೊಂಡ ಗುಣವಾಗುವಿಕೆ ನಡೆದದ್ದು ಖಾರ್ಟೂಮಿನ ಸಂತ ಮರಿಯ ಆಸ್ಪತ್ರೆಯಲ್ಲಿ, ಹೆರಿಗೆಯ ನಂತರ ಸಾವಿನಂಚಿಗೆ ಹೋಗಿದ್ದ ಒಬ್ಬ ಮುಸ್ಲಿಂ ತಾಯಿಗೆ. ಆಕೆಗಾಗಿ ಕೊಂಬೋನಿಯವರನ್ನು ಬೇಡಿದವರು ಅಲ್ಲಿಯ ಭಗಿನಿಯರು. ಪವಾಡವನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ಬೇರೆ ಧರ್ಮದ ತಾಯಿಯ ಜೀವಕ್ಕಾಗಿ ಮಿಡಿದ ಆ ಮನಸ್ಸನ್ನು ಎಲ್ಲರೂ ನಂಬಬಹುದು. ಅದೇ ತಿಂಗಳು ಖಾರ್ಟೂಮಿನ ಆರ್ಚ್‌ಬಿಷಪ್ ಗೇಬ್ರಿಯಲ್ ಜುಬೇರ್ ವಾಕೊ ಕಾರ್ಡಿನಲ್ ಆದರು. ಕೊಂಬೋನಿ ಬಿಷಪ್ಪರಾಗಿದ್ದ ಊರಿನಲ್ಲಿ ಸುಡಾನಿನ ಮಗನೊಬ್ಬ ಕಾರ್ಡಿನಲ್!

ಸುಡಾನಿನ ಹೆಸರು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಖಾರ್ಟೂಮಿನಲ್ಲಿ ಎರಡು ಸೇನಾಬಣಗಳ ಯುದ್ಧ ಹತ್ತಿಕೊಂಡಾಗ, ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ದಾರ್ಫುರಿನ ಎಲ್ ಫಾಶರ್‌ನಲ್ಲಿ ಸಿಕ್ಕಿಬಿದ್ದಿದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ಅವರು ಊರು ಸೇರಿದರು, ನಾವು ನಿಟ್ಟುಸಿರು ಬಿಟ್ಟೆವು, ಸುದ್ದಿ ಮುಗಿಯಿತು. ಸುಡಾನಿನವರಿಗೆ ಯುದ್ಧ ಮುಗಿಯಲಿಲ್ಲ. ಲಕ್ಷಾಂತರ ಜನ ಮನೆ ಬಿಟ್ಟಿದ್ದಾರೆ, ಹಸಿವು ಮತ್ತೆ ಆ ನೆಲಕ್ಕೆ ಬಂದಿದೆ.

ಈ ಸಭೆಯಲ್ಲಿರುವ ಎಳೆಯರಲ್ಲಿ ನನ್ನದೊಂದು ಕೋರಿಕೆ. ಕೊಂಬೋನಿಯವರ ಬರಹಗಳು ಸಂಪುಟವಾಗಿ ಸಿಗುತ್ತವೆ, ಸೊರೂರ್ ಅವರ ಬರಹಗಳೂ ಉಳಿದಿವೆ. ನಿಮ್ಮಲ್ಲಿ ಯಾರಾದರೂ ಇಟಾಲಿಯನ್ ಕಲಿತು ಅವನ್ನು ನೇರವಾಗಿ ಕನ್ನಡಕ್ಕೆ ತನ್ನಿ. ಇಬ್ಬರಲ್ಲಿ ಒಬ್ಬರಿಂದ ಮಾತ್ರ ಶುರುಮಾಡಲು ಸಾಧ್ಯವೆಂದರೆ, ದಯವಿಟ್ಟು ಸೊರೂರ್ ಅವರಿಂದ ಶುರುಮಾಡಿ.